ಘಟ್ಟದ ಕೆಳಗೆ, ಘಟ್ಟದ ಮೇಲೆ: ಸೈಕಲ್ಲಿನಲ್ಲಿ ಆರು ದಿನ

ನಮ್ಮ ಕಡೆ ಹೊಸಬರು ಸಿಕ್ಕರೆ ಊರಿನ ಹೆಸರಿಗಿಂತ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ. ಘಟ್ಟದ ಮೇಲಾ, ಕೆಳಗಾ? ಆ ಒಂದು ಉತ್ತರದಲ್ಲಿ ಊಟ, ಮಾತು, ಮಳೆ, ಮನೆಯ ಮಾಡು ಎಲ್ಲ ಗೊತ್ತಾಗಿಬಿಡುತ್ತದೆ. ನಾನು ಸಾಗರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವನು, ಅಂದರೆ ಮೇಲಿನವನು. ಅಕ್ಕನನ್ನು ಕೊಟ್ಟಿದ್ದು ಹೊನ್ನಾವರಕ್ಕೆ. ಭಾವ ಕೆಳಗಿನವರು.

ಇಬ್ಬರಿಗೂ ಸೈಕಲ್ ಹುಚ್ಚು. ಹಬ್ಬ-ಹರಿದಿನಕ್ಕೆ ಸೇರಿದಾಗಲೆಲ್ಲ ಒಂದೇ ಮಾತು: ಈ ಘಟ್ಟಗಳನ್ನು ಬಸ್ಸಿನಲ್ಲಿ ನೂರು ಸಲ ಹತ್ತಿದ್ದೇವೆ, ಇಳಿದಿದ್ದೇವೆ. ಆದರೆ ಕೆಳಗೆ ಅನ್ನೋದು ಎಲ್ಲಿ ಮುಗಿಯುತ್ತದೆ, ಮೇಲೆ ಅನ್ನೋದು ಎಲ್ಲಿ ಶುರುವಾಗುತ್ತದೆ? ಬಸ್ಸಿನಲ್ಲಿ ನಿದ್ದೆ ಬಂದಿರುತ್ತದೆ, ಇಲ್ಲ ವಾಂತಿ ಬರುವ ಹಾಗೆ ಆಗಿರುತ್ತದೆ. ನೋಡಿದವರು ಯಾರು? ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ಆ ಗಡಿ ಕಾಣಬಹುದು ಅಂತ ನಮ್ಮ ಆಸೆ.

ಕಳೆದ ಡಿಸೆಂಬರ್‌ನಲ್ಲಿ ಹೊರಟೇಬಿಟ್ಟೆವು. ಹೊನ್ನಾವರದಿಂದ ಹೆಬ್ರಿಯವರೆಗೆ ಹತ್ತುತ್ತಾ ಇಳಿಯುತ್ತಾ ಐದು ಘಟ್ಟ. ಗೇರುಸೊಪ್ಪೆ ಹತ್ತುವುದು, ಕೋಗಾರು ಇಳಿಯುವುದು, ಕೊಲ್ಲೂರು ಹತ್ತುವುದು, ಹುಲಿಕಲ್ ಇಳಿಯುವುದು, ಕೊನೆಗೆ ಆಗುಂಬೆ ಹತ್ತುವುದು. ಸೂಜಿಯಿಂದ ಹೊಲಿಗೆ ಹಾಕಿದ ಹಾಗೆ.

ಎತ್ತರದ ಲೆಕ್ಕದಲ್ಲಿ ಇವು ದೊಡ್ಡ ಏರುಗಳಲ್ಲ. ಕಡಲ ಮಟ್ಟದಿಂದ ಆರುನೂರು ಮೀಟರ್ ಆಸುಪಾಸು, ಅಷ್ಟೇ. ಆದರೆ ಈ ಏರಿಗೆ ಒಂದು ವಿಶೇಷ ಇದೆ. ಬೇರೆ ಬೆಟ್ಟಗಳಲ್ಲಿ ಹತ್ತಿದ ಮೇಲೆ ಆಚೆ ಕಡೆ ಇಳಿಜಾರು ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ. ಹತ್ತಿ ಮುಗಿಸಿದರೆ ಎದುರಿಗೆ ಗದ್ದೆ, ತೋಟ, ಮನೆ. ಇದು ಬೆಟ್ಟ ಅಲ್ಲ, ಮೆಟ್ಟಿಲು. ಒಂದೇ ಒಂದು ದೊಡ್ಡ ಮೆಟ್ಟಿಲು.

ಮೊದಲ ದಿನ: ಹೊನ್ನಾವರದಿಂದ ಜೋಗದ ಕಡೆಗೆ

ಬೆಳಿಗ್ಗೆ ಆರಕ್ಕೆ ಅಕ್ಕ ಅವಲಕ್ಕಿ, ಮೊಸರು, ಎರಡೆರಡು ಬನ್ಸ್ ಕೊಟ್ಟು ಕಳಿಸಿದಳು. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಹಾಗಾಗಿ ಆರು ದಿನವೂ ನಾವು ಒಬ್ಬರನ್ನೊಬ್ಬರು ಕರೆದದ್ದು ಭಾವ ಅಂತಲೇ.

ಗೇರುಸೊಪ್ಪೆಯವರೆಗಿನ ಸುಮಾರು ಮೂವತ್ತು ಕಿಲೋಮೀಟರ್ ಸಮತಟ್ಟು. ಪಕ್ಕದಲ್ಲಿ ಶರಾವತಿ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಾಳೆ. ತೆಂಗಿನ ತೋಟ, ದೋಣಿ, ನೀರಿನ ಮೇಲೆ ಮಂಜು. ಉಪ್ಪೋಣಿ ದಾಟುವಾಗ ಮನೆಗಳ ಅಂಗಳದಲ್ಲಿ ಹಣ್ಣಡಿಕೆ ಹರವಿದ್ದು ಕಂಡಿತು. ಕಿತ್ತಳೆ ಬಣ್ಣದ ಚಾಪೆ ಹಾಸಿದ ಹಾಗೆ. ಇದನ್ನು ಬಿಸಿಲಲ್ಲಿ ತಿಂಗಳ ಮೇಲೆ ಒಣಗಿಸಿ, ಸುಲಿದು ಚಾಲಿ ಅಡಿಕೆ ಮಾಡುತ್ತಾರೆ. ನಮ್ಮ ಮೇಲಿನ ಕಡೆ ಹೆಚ್ಚಿನವರು ಹಾಗಲ್ಲ. ಹಸಿ ಅಡಿಕೆಯನ್ನೇ ಸುಲಿದು, ಬೇಯಿಸಿ, ಕೆಂಪಡಿಕೆ ಮಾಡುತ್ತೇವೆ. ಮರ ಒಂದೇ, ಕಾಯಿ ಒಂದೇ, ಅಂಗಳದ ಬಣ್ಣ ಬೇರೆ. ನನಗೆ ಆಗಲೇ ಹೊಳೆಯಿತು. ಗಡಿ ಹುಡುಕುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಇಲ್ಲ.

ಗೇರುಸೊಪ್ಪೆ ಈಗ ಸಣ್ಣ ಊರು. 16ನೇ ಶತಮಾನದಲ್ಲಿ ಇದು ಚೆನ್ನಭೈರಾದೇವಿಯ ರಾಜಧಾನಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತ ಕರೆದರು. ಘಟ್ಟದ ಕಾಳುಮೆಣಸು ಇಲ್ಲಿಂದ ಹೊಳೆಗುಂಟ ಕಡಲಿಗೆ ಹೋಗುತ್ತಿತ್ತು. ಚತುರ್ಮುಖ ಬಸದಿ ಕಾಡಿನೊಳಗೆ ಇನ್ನೂ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು. ಅಷ್ಟು ಗಟ್ಟಿಯಾದ ಕಟ್ಟಡ, ಸುತ್ತ ಒಂದು ನರಪಿಳ್ಳೆ ಇಲ್ಲ. ಅಲ್ಲಿ ನಿಂತಾಗ ಗಂಟಲು ಕಟ್ಟಿತು.

ಅಲ್ಲಿಂದ ಗೇರುಸೊಪ್ಪೆ ಘಟ್ಟ, ಮಾಲೇಮನೆ ಘಟ್ಟ ಅಂತಲೂ ಅನ್ನುತ್ತಾರೆ. ಮಾವಿನಗುಂಡಿಯವರೆಗೆ ಹದಿನೆಂಟು-ಇಪ್ಪತ್ತು ಕಿಲೋಮೀಟರ್. ಕಡಿದಾದ ಏರಲ್ಲ, ಉದ್ದದ ಏರು. ರಾಷ್ಟ್ರೀಯ ಹೆದ್ದಾರಿ ಆದ್ದರಿಂದ ಲಾರಿಗಳೂ ಹತ್ತಬೇಕು, ಅದಕ್ಕೇ ಏರನ್ನು ಎಳೆದು ಎಳೆದು ಮಾಡಿದ್ದಾರೆ. ಕಾಲಿಗೆ ಒಂದು ಲಯ ಸಿಕ್ಕಿದರೆ ಸಾಕು, ತನ್ನಷ್ಟಕ್ಕೆ ಸಾಗುತ್ತದೆ. ನಾನು ಶುರುವಿನಲ್ಲಿ ಜೋರು ಮಾಡಿದೆ. ಹಿಂದಿನಿಂದ ಭಾವ ಕೂಗಿದರು.

"ಭಾವ, ಎಂತ ಅವಸರ? ಘಟ್ಟ ಎಲ್ಲಿಗೂ ಓಡಿ ಹೋಗ್ತಿಲ್ಲೆ."

ಎಂಟನೇ ಕಿಲೋಮೀಟರ್ ಹತ್ತಿರ ಮರದಲ್ಲಿ ಸದ್ದಾಯಿತು. ಸಿಂಗಳೀಕ! ಮುಖದ ಸುತ್ತ ಬೂದು ಕೇಸರ, ಕಪ್ಪು ಮೈ. ನಾಲ್ಕೈದು ಇದ್ದವು. ಬಸ್ಸಿನಲ್ಲಿ ಇಷ್ಟು ವರ್ಷ ಓಡಾಡಿದರೂ ಒಮ್ಮೆಯೂ ನಾನು ಅವನ್ನು ಇಲ್ಲಿ ಕಂಡಿರಲಿಲ್ಲ. ಇವು ನೆಲಕ್ಕೆ ಇಳಿಯುವುದು ಕಡಿಮೆ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿರಬೇಕು, ಆಗಲೇ ಅವುಗಳ ದಾರಿ ಮುಂದುವರಿಯುತ್ತದೆ. ಇದೇ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಇದೆ. ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಕಾದಾಗ ಇಳಿಸಿ ಕರೆಂಟು ಮಾಡುವುದು. ಅದಕ್ಕೆ ಇಲ್ಲಿನ ಜನ ವಿರೋಧ ಮಾಡುತ್ತಿದ್ದಾರೆ. ನನ್ನ ಮನಸ್ಸು ಆ ಜನರ ಕಡೆಗೇ. ಕೊಂಬೆಯಿಂದ ಕೊಂಬೆಗೆ ಆ ಪ್ರಾಣಿ ಹಾರುವುದನ್ನು ಹತ್ತು ನಿಮಿಷ ನೋಡಿದವರಿಗೆ ಬೇರೆ ರೀತಿ ಅನ್ನಿಸುವುದಿಲ್ಲ.

ಮಾವಿನಗುಂಡಿಯಲ್ಲಿ ಚಹಾ ಕುಡಿಯುವಾಗ ಮೊದಲ ಜಗಳ. ಗಡಿ ಎಲ್ಲಿ? ಏರು ಮುಗಿದ ಜಾಗ, ಅಂದೆ ನಾನು. ಭಾವ ಒಪ್ಪಲಿಲ್ಲ. "ಬೆವರು ಆರಿತಲ ಒಂದು ತಿರುವಲ್ಲಿ, ಅಲ್ಲಿಂದ ಮೇಲೆ ಹೇಳಿ ಲೆಕ್ಕ." ಅವರ ಮಾತಿನಲ್ಲಿ ಸತ್ಯ ಇತ್ತು. ಕೊನೆಯ ನಾಲ್ಕು ಕಿಲೋಮೀಟರ್‌ನಲ್ಲಿ ಗಾಳಿ ಒಣಗಿತ್ತು. ಅಷ್ಟೇ ಬೆವರಿದರೂ ಮೈಗೆ ಅಂಟುತ್ತಿರಲಿಲ್ಲ.

ರಾತ್ರಿ ತಾಳಗುಪ್ಪದ ಹತ್ತಿರ ನಮ್ಮ ನೆಂಟರ ಮನೆ. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಬಲ್ಬು ಹಾಕಿಕೊಂಡು ಹತ್ತು-ಹನ್ನೆರಡು ಜನ ಮೆಟ್ಟುಗತ್ತಿ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ದೊಡ್ಡ ಹಂಡೆ, ಅಡಿಕೆ ಬೇಯಿಸಿದ ಚೊಗರು ನೀರು ಕುದಿಯುವ ಒಗರು ವಾಸನೆ. ಭಾವ ಹಂಡೆಯ ಮುಂದೆಯೇ ನಿಂತುಬಿಟ್ಟರು. ನಮ್ಮ ಸೈಕಲ್ ಯಾತ್ರೆಯ ಕಥೆ ಕೇಳುತ್ತಾ ಕೇಳುತ್ತಾ ಸುಲಿಯುವವರ ಕೈ ಒಮ್ಮೆಯೂ ನಿಲ್ಲಲಿಲ್ಲ. ನಾನೂ ಒಂದು ಕತ್ತಿ ಹಿಡಿದು ಕೂತೆ. ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯಿತು. ಘಟ್ಟ ಹತ್ತುವುದಕ್ಕಿಂತ ಇದು ಕಷ್ಟದ ಕೆಲಸ, ಖಂಡಿತ.

ಎರಡನೇ ದಿನ: ಕಾರ್ಗಲ್, ಕೋಗಾರು, ಭಟ್ಕಳ

ಜೋಗದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ನೀರು ತೆಳ್ಳಗೆ. 253 ಮೀಟರ್ ಎತ್ತರದ ಬಂಡೆಯೇ ಕಣ್ಣಿಗೆ ಹೆಚ್ಚು ಕಾಣುತ್ತದೆ. ಸೈಕಲ್ ಸವಾರನಿಗೆ ಮಾತ್ರ ಇದು ಬಹಳ ಚೆನ್ನಾಗಿ ಅರ್ಥವಾಗುವ ಜಾಗ. ನಿನ್ನೆ ಮೂರು ಗಂಟೆ ಸುತ್ತಿ ಸುತ್ತಿ ಹತ್ತಿದ್ದರಲ್ಲಿ ಅರ್ಧದಷ್ಟು ಎತ್ತರವನ್ನು ಹೊಳೆ ಒಂದೇ ಹಾರಿಗೆ ಇಳಿಯುತ್ತದೆ.

ಕಾರ್ಗಲ್ ದಾಟಿದ ಮೇಲೆ ದಾರಿಯ ಗುಣವೇ ಬದಲಾಯಿತು. ಕಿರಿದಾದ ರಸ್ತೆ, ಎರಡೂ ಕಡೆ ಕಾಡು, ಎಷ್ಟೋ ಹೊತ್ತಿಗೆ ಒಂದು ವಾಹನ. ಅಂಗಡಿ ಇಲ್ಲ. ನೀರು ಜಾಸ್ತಿ ತುಂಬಿಸಿಕೊಂಡು ಹೊರಡಿ, ಇದು ನನ್ನ ಗಟ್ಟಿ ಸಲಹೆ. ಇಳಿಯುವ ದಿನ ಅಂತ ನಾವು ಹಗುರಾಗಿ ಹೊರಟಿದ್ದೆವು. ಆದರೆ ಕೋಗಾರಿನವರೆಗೆ ಇಳಿಜಾರೇ ಇಲ್ಲ. ಸಣ್ಣ ಏರು, ಸಣ್ಣ ಇಳಿತ, ಮತ್ತೆ ಏರು. ಯಾವ ಏರೂ ಒಂದು ಕಿಲೋಮೀಟರ್ ಇಲ್ಲ, ಯಾವುದೂ ಸುಮ್ನೆ ಬಿಡುವುದಿಲ್ಲ. ನಿನ್ನೆಯ ಘಟ್ಟಕ್ಕಿಂತ ಕಾಲು ಸೋತಿದ್ದು ಇವತ್ತೇ.

ನಡುವೆ ಒಂದು ಮನೆಯಲ್ಲಿ ನೀರು ಕೇಳಿದೆವು. ಅಜ್ಜಿಯೊಬ್ಬರು ತಂಬಿಗೆ ತುಂಬ ನೀರು, ಒಂದು ತುಂಡು ಬೆಲ್ಲ ತಂದುಕೊಟ್ಟರು. ಮನೆ ಇಲ್ಲೇನಾ ಮೊದಲಿಂದ ಅಂತ ಕೇಳಿದೆ.

"ಅಲ್ಲ ತಮ್ಮ. ನಾವು ಮುಳುಗಡೆಯವರು."

ಇನ್ನೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ನೀರೊಳಗೆ ಹೋದವು. ನಮ್ಮ ಕಡೆ ಆ ಒಂದು ಶಬ್ದ ಸಾಕು. ಮುಳುಗಡೆ. ಅಜ್ಜಿ ಆಗ ಚಿಕ್ಕ ಹುಡುಗಿ ಇದ್ದಿರಬೇಕು. ನಾನು ಇಡೀ ದಿನ ಎತ್ತರ, ತಗ್ಗು ಅಂತ ಲೆಕ್ಕ ಹಾಕುತ್ತಿದ್ದೆ. ಅವರ ಬದುಕಿನಲ್ಲಿ ನೀರಿನ ಮಟ್ಟವೇ ಮೇಲೆ, ಕೆಳಗೆ ಎರಡನ್ನೂ ತೀರ್ಮಾನಿಸಿತ್ತು.

ಕೋಗಾರು ಘಟ್ಟ ಇಳಿಯುವಾಗ ಸಂಜೆ ನಾಲ್ಕು. ರಸ್ತೆ ಅಲ್ಲಲ್ಲಿ ಕಿತ್ತುಹೋಗಿತ್ತು. ವೇಗ ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಒಳ್ಳೆಯದೇ ಆಯಿತು. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ತಲೆಯ ಮೇಲೆಯೇ ಕೇಳಿತು. ಉಸಿರು ಎಳೆದುಬಿಟ್ಟ ಹಾಗಿರುತ್ತದೆ ಅದು. ಕೆಳಗೆ ಹಾಡುವಳ್ಳಿ. ಹಿಂದೆ ಸಂಗೀತಪುರ ಅಂತ ಹೆಸರಿದ್ದ, ಜೈನ ಅರಸರು ಆಳಿದ ಊರು. ಅಲ್ಲಿಂದ ಭಟ್ಕಳದವರೆಗೆ ಸುಖದ ದಾರಿ. ಕತ್ತಲಾಗುವಾಗ ಊರು ಮುಟ್ಟಿದೆವು. ಪೇಟೆಯಲ್ಲಿ ಇಲ್ಲಿನ ಮುಸ್ಲಿಮರ ನವಾಯತಿ ಮಾತು ಕೇಳುತ್ತಾ, ನಿಂಬೆ ಹಿಂಡಿದ ಸುಲೈಮಾನಿ ಚಹಾ ಕುಡಿದೆವು. ಭಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿ, "ಅಬ್ಬ, ನಮ್ಮ ಸೆಕೆ" ಅಂದರು. ಪ್ರೀತಿಯಿಂದಲೇ ಅಂದರು.

ಮೂರನೇ ದಿನ: ಕೊಲ್ಲೂರು ದಾರಿ

ಭಟ್ಕಳದಿಂದ ಬೈಂದೂರಿಗೆ ಹೆದ್ದಾರಿ 66. ಇದನ್ನು ನಸುಕಿನಲ್ಲೇ ಮುಗಿಸಿ. ಆರೂವರೆಯ ನಂತರ ಟ್ಯಾಂಕರ್, ಬಸ್ಸು, ಮೀನಿನ ಲಾರಿ. ಖುಷಿ ಕೊಟ್ಟಿದ್ದು ಒತ್ತಿನೆಣೆ ಮಾತ್ರ. ಅಲ್ಲಿ ಗುಡ್ಡದ ಮೇಲಿಂದ ಕಡಲು ಇಡಿಯಾಗಿ ಕಾಣುತ್ತದೆ. ಐದು ನಿಮಿಷ ನಿಂತು ನೋಡಿದೆವು.

ಬೈಂದೂರಿನಲ್ಲಿ ಎಡಕ್ಕೆ ತಿರುಗಿದ ಕೂಡಲೇ ಶಬ್ದ ನಿಂತಿತು. ಕೊಲ್ಲೂರಿಗೆ ಇಪ್ಪತ್ತೆಂಟು ಕಿಲೋಮೀಟರ್ ಹತ್ತಿರ. ಗೋಡಂಬಿ ತೋಟ, ಅಡಿಕೆ ತೋಟ, ಕೆಂಪು ಮುರಕಲ್ಲಿನ ಗೋಡೆಗಳು. ಕೊಲ್ಲೂರು ಯಾವಾಗಲೂ ತುಂಬಿದ ಊರು. ಕೇರಳದಿಂದ ಬಂದ ಭಕ್ತರ ಮಲಯಾಳಂ ಮಾತು ಎಲ್ಲ ಕಡೆ. ಸೈಕಲ್ ಹೊರಗೆ ನಿಲ್ಲಿಸಿ, ಒಬ್ಬೊಬ್ಬರಾಗಿ ಒಳಗೆ ಹೋಗಿ ಮೂಕಾಂಬಿಕೆಗೆ ಕೈಮುಗಿದು ಬಂದೆವು. ಊಟದ ಸಾಲು ಉದ್ದ ಇತ್ತು. ಹೊಟ್ಟೆ ತುಂಬ ಉಂಡು ಘಟ್ಟ ಹತ್ತುವುದು ಬೇಡ ಅಂತ ಎರಡು ಬಾಳೆಹಣ್ಣಿನಲ್ಲೇ ಮುಗಿಸಿದೆವು.

ಕೊಲ್ಲೂರು ಘಟ್ಟ ನನಗೆ ಐದರಲ್ಲಿ ಅತಿ ಇಷ್ಟವಾದದ್ದು. ಯಾಕೆ ಅಂದರೆ, ನೆರಳು. ಮೂಕಾಂಬಿಕಾ ವನ್ಯಜೀವಿಧಾಮದ ಒಳಗೇ ದಾರಿ. ಮರಗಳು ಮೇಲೆ ಕೈ ಹಿಡಿದುಕೊಂಡಿವೆ. ಮಧ್ಯಾಹ್ನ ಹನ್ನೆರಡಕ್ಕೂ ರಸ್ತೆಯ ಮೇಲೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಏರು ಗೇರುಸೊಪ್ಪೆಯದ್ದಕ್ಕಿಂತ ಚೂಪು, ಆದರೆ ನಡುವೆ ನಡುವೆ ಉಸಿರು ಬಿಡಲು ಜಾಗ ಕೊಡುತ್ತದೆ. ನನ್ನ ಸೈಕಲ್ಲಿನಲ್ಲಿ ಮುಂದಿನ ಗೇರ್ ಚಕ್ರಕ್ಕೆ 34, ಹಿಂದಿನದಕ್ಕೆ 32 ಹಲ್ಲು. ಭಾವನದ್ದು ಹಿಂದೆ 34. ಹಿಂದೆ ಹಲ್ಲು ಹೆಚ್ಚಿದ್ದಷ್ಟೂ ಗೇರ್ ಸಣ್ಣದು, ತುಳಿಯುವುದು ಹಗುರ. ಆ ಎರಡು ಹಲ್ಲಿನ ವ್ಯತ್ಯಾಸ ಏನು ಅಂತ ಇಲ್ಲಿ ಗೊತ್ತಾಯಿತು. ಅವರು ಕೂತೇ ಹತ್ತಿದ ಎರಡು ತಿರುವಿನಲ್ಲಿ ನಾನು ಎದ್ದು ನಿಂತು ತುಳಿಯಬೇಕಾಯಿತು. ಬ್ಯಾಗು ಕಟ್ಟಿಕೊಂಡು ಈ ಕಡೆ ಬರುವವರು ಇರುವುದರಲ್ಲೇ ಸಣ್ಣ ಗೇರ್ ಹಾಕಿಸಿಕೊಂಡು ಬನ್ನಿ.

ಕೆಳಗಿಳಿಯುವ ಬಸ್ಸೊಂದರ ಕಿಟಕಿಯಿಂದ ಮಕ್ಕಳು ಕೈಬೀಸಿ ಕೂಗಿದರು. ನಾವು ಕೈಬೀಸುವ ಸ್ಥಿತಿಯಲ್ಲಿ ಇರಲಿಲ್ಲ, ತಲೆ ಆಡಿಸಿದೆವು.

ನಾಗೋಡಿ. ಏರು ಮುಗಿಯಿತು. ಎದುರಿಗೆ ಗದ್ದೆ! ಕೊಯ್ಲು ಆಗಿ ಹುಲ್ಲಿನ ಬಣವೆ ಹಾಕಿದ್ದರು. ಎಡಕ್ಕೋ ಬಲಕ್ಕೋ ತಿರುಗಿದಾಗಲೆಲ್ಲ 1343 ಮೀಟರ್‌ನ ಕೊಡಚಾದ್ರಿ ಮರಗಳ ಸಂದಿನಲ್ಲಿ ಇಣುಕುತ್ತಿತ್ತು. ನಿಟ್ಟೂರಿನ ಹೋಟೆಲಿನಲ್ಲಿ ಬಿಸಿ ಕಡುಬು ತಿಂದೆವು. ಭಾವ ಇವತ್ತು ತಮ್ಮ ಬೆವರಿನ ವಾದ ಬಿಟ್ಟರು. ಇಲ್ಲಿ ಕೆಳಗಿಂದಲೇ ನೆರಳು, ತಂಪು. ಬೆವರು ಎಲ್ಲಿ ಆರಿತು ಅಂತ ಹೇಳುವ ಹಾಗಿಲ್ಲ. ನನ್ನ ಅಡಿಕೆಯ ಗುರುತೂ ಕೈಕೊಟ್ಟಿತು. ಘಟ್ಟದ ಉದ್ದಕ್ಕೂ ಮನೆಯೇ ಇಲ್ಲ. ನಿಟ್ಟೂರಿನ ಹತ್ತಿರ ಮೊದಲ ಅಂಗಳ ಕಂಡಾಗ ಆಗಲೇ ಕೆಂಪಡಿಕೆ ಹರವಿತ್ತು. ನಡುವಿನದ್ದೆಲ್ಲ ಕಾಡು. ಅಂದರೆ ಗಡಿ ಒಂದು ಗೆರೆ ಅಲ್ಲ, ಹತ್ತು ಕಿಲೋಮೀಟರ್ ಅಗಲದ ಪಟ್ಟಿ. ಅದರಲ್ಲಿ ಮನುಷ್ಯರು ಇಲ್ಲ.

ರಾತ್ರಿ ನಗರದಲ್ಲಿ. ಚಳಿ ಚೆನ್ನಾಗಿತ್ತು. ಎರಡು ಕಂಬಳಿ ಕೇಳಿ ಪಡೆದೆವು.

ನಾಲ್ಕನೇ ದಿನ: ಹುಲಿಕಲ್, ಎರಡು ಸಲ

ಈ ನಗರವನ್ನು ದೊಡ್ಡ ಪಟ್ಟಣ ಅಂದುಕೊಳ್ಳಬೇಡಿ. ಇದು ಹಳೆಯ ಬಿದನೂರು, ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರ್ ಅಲಿ ಗೆದ್ದು ಹೈದರ್ ನಗರ ಅಂತ ಹೆಸರಿಟ್ಟ. ಹೈದರ್ ಹೋಗಿ ನಗರ ಉಳಿದಿದೆ. ಬೆಳಿಗ್ಗೆ ಏಳಕ್ಕೆ ಕೋಟೆ ಹತ್ತಿದಾಗ ಮಂಜು. ಒದ್ದೆ ಕಲ್ಲು, ಪಾಚಿ, ಕೆಳಗೆ ಕೆರೆ. ಇಷ್ಟು ಒಳಗೆ, ಇಷ್ಟು ಮಳೆಯಲ್ಲಿ ಯಾಕೆ ರಾಜಧಾನಿ ಮಾಡಿದರು ಅಂತ ಶಾಲೆಯಲ್ಲಿ ಓದುವಾಗ ಅರ್ಥ ಆಗಿರಲಿಲ್ಲ. ಕಾಲಿನಿಂದ ಹತ್ತಿ ಬಂದವನಿಗೆ ಅರ್ಥ ಆಗುತ್ತದೆ. ಕಡಲಿಂದ ಬರುವ ಯಾವ ಸೈನ್ಯವೂ ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಕಡಲ ವ್ಯಾಪಾರ ಮಾತ್ರ ಒಂದು ಘಟ್ಟದ ದೂರದಲ್ಲಿ.

ಒಂದು ಸೈನ್ಯ ಬಂದೇಬಂತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ಸೇನಾಪತಿ ಕುಂದಾಪುರದ ಕಡೆಯಿಂದ ಹೊಸಂಗಡಿ ಘಟ್ಟ ಹತ್ತಿ ಬಂದು ಬಿದನೂರು ಹಿಡಿದ. ಅದೇ ವರ್ಷ ಟಿಪ್ಪು ವಾಪಸ್ ಗೆದ್ದುಕೊಂಡ. ಹೊಸಂಗಡಿ ಘಟ್ಟ ಅಂದರೆ ಇವತ್ತು ನಾವು ಇಳಿಯಬೇಕಾದ ಕಡೆಯೇ. ಈಗ ಹುಲಿಕಲ್ ಘಾಟಿ, ಬಾಳೆಬರೆ ಘಾಟಿ ಅನ್ನುತ್ತಾರೆ.

ಮಾಸ್ತಿಕಟ್ಟೆ ದಾಟಿ ಹುಲಿಕಲ್ ಬಂದಿತು. ಇಳಿತ ಶುರು. ಇದು ಬೇರೆಯದೇ ಜಾತಿ. ರಸ್ತೆ ಮುಂದಿನ ತಿರುವಿನಲ್ಲಿ ಮಾಯವಾಗಿಬಿಡುತ್ತದೆ. ನನ್ನದು ರಿಮ್ ಬ್ರೇಕ್, ಚಕ್ರದ ಅಂಚನ್ನೇ ಒತ್ತಿ ಹಿಡಿಯುವಂಥದ್ದು. ಬ್ಯಾಗಿನ ಭಾರ ಬೇರೆ. ಬಿಟ್ಟು ಬಿಟ್ಟು ಹಿಡಿಯಬೇಕಿತ್ತು. ನಾನು ಹೆದರಿ ಒಂದೇ ಸಮ ಹಿಡಿದುಕೊಂಡೇ ಇಳಿದೆ. ರಿಮ್ ಕಾದು, ಹಿಂದಿನ ಟ್ಯೂಬು ಪಟಾಕಿಯ ಹಾಗೆ ಒಡೆಯಿತು. ಪುಣ್ಯಕ್ಕೆ ತಿರುವಿನಲ್ಲಿ ಅಲ್ಲ, ನೇರ ದಾರಿಯಲ್ಲಿ. ಕಾಲು ಊರಿ ನಿಂತೆ. ಕೈ ನಡುಗುತ್ತಿತ್ತು. ರಿಮ್ ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ. ಭಾವ ಏನೂ ಬೈಯಲಿಲ್ಲ. ಸೈಕಲ್ ಪಕ್ಕಕ್ಕೆ ಒರಗಿಸಿ, "ಮೊದಲು ನೀರು ಕುಡಿ, ಟ್ಯೂಬ್ ಆಮೇಲೆ" ಅಂದರು.

ಟ್ಯೂಬು ಬದಲಿಸಿ, ಚಂಡಿಕಾಂಬಾ ದೇವಸ್ಥಾನದ ಹತ್ತಿರ ಮತ್ತೆ ನಿಂತೆವು. ಘಟ್ಟ ಹತ್ತುವ ಇಳಿಯುವ ಡ್ರೈವರುಗಳೆಲ್ಲ ಇಲ್ಲಿ ನಿಂತು ಕೈಮುಗಿದೇ ಮುಂದೆ ಹೋಗುತ್ತಾರೆ. ಒಬ್ಬ ಪಿಕಪ್ ಡ್ರೈವರ್ ಕಾಯಿ ಒಡೆದು ನಮಗೂ ಒಂದೊಂದು ಚೂರು ಕೊಟ್ಟ. ಇಳಿಯುವಾಗ ಯಾವ ಗೇರಲ್ಲಿ ಇರಬೇಕು ಅಂತ ಅವನು ತನ್ನ ಗಾಡಿಯ ವಿಷಯ ಹೇಳಿದ. ಹತ್ತುವ ಗೇರಲ್ಲೇ ಇಳಿಯಬೇಕು, ಬ್ರೇಕು ನಂಬಬಾರದು. ಸೈಕಲ್ಲಿಗೆ ಆ ಅನುಕೂಲ ಇಲ್ಲ. ನಮಗೆ ಇರುವುದು ಬ್ರೇಕು ಒಂದೇ. ಹಿಂದೆ ಮುಂದೆ ಬದಲಿಸಿ ಹಿಡಿಯುವುದು, ತಿರುವಿಗೆ ಮೊದಲೇ ವೇಗ ಇಳಿಸುವುದು, ರಿಮ್ ಬಿಸಿ ಆದರೆ ನಿಲ್ಲುವುದು. ಇದನ್ನು ನಾನು ಓದಿ ತಿಳಿದಿದ್ದೆ. ಸುಟ್ಟ ಬೆರಳಿನಿಂದ ಈಗ ಕಲಿತೆ.

ಹೊಸಂಗಡಿ ಮುಟ್ಟಿದಾಗ ಹನ್ನೊಂದೂವರೆ. ಅಲ್ಲಿಗೆ ದಿನ ಮುಗಿಸಬಹುದಿತ್ತು. ಆದರೆ ನನಗೆ ಸಮಾಧಾನ ಇಲ್ಲ. ಹೆದರಿ ಇಳಿದ ಘಟ್ಟವನ್ನು ಹಾಗೇ ಬಿಟ್ಟು ಹೋಗುವುದಾ? ಹೋಟೆಲಿನಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಉಂಡು, ಬ್ಯಾಗುಗಳನ್ನು ಅಲ್ಲೇ ಇಟ್ಟು, ಮೂರು ಗಂಟೆಗೆ ಬರಿ ಸೈಕಲ್ಲಿನಲ್ಲಿ ವಾಪಸ್ ಹತ್ತಿದೆವು.

ಕೆಳಗಿಂದ ನೋಡಿದಾಗ ಅದೇ ರಸ್ತೆ ಎಷ್ಟು ಬೇರೆ! ಇಳಿಯುವಾಗ ಕಂಡದ್ದು ಹತ್ತು ಅಡಿ ಡಾಂಬರು ಮಾತ್ರ. ಹತ್ತುವಾಗ ಒಂದೊಂದು ಮರ ಕಂಡಿತು. ಬಂಡೆಯಿಂದ ಒಸರುವ ನೀರು, ಅದರ ಕೆಳಗೆ ಯಾರೋ ಇಟ್ಟ ಅಡಿಕೆ ದಬ್ಬೆ, ದಬ್ಬೆಯಿಂದ ಬೀಳುವ ಸಣ್ಣ ಧಾರೆ. ಬಾಟಲಿ ತುಂಬಿಸಿದೆವು. ಏರು ನಿಜಕ್ಕೂ ಕಠಿಣ. ಐದರಲ್ಲಿ ಇದೇ ಕಠಿಣ, ಆಗುಂಬೆ ಅಲ್ಲ. ಒಂದು ಕಡೆ ಹ್ಯಾಂಡಲ್ ಮೇಲೆ ತಲೆ ಇಟ್ಟು ನಿಂತಾಗ ಭಾವ ಗುಡ್ಡದ ಕಡೆ ಕೈ ತೋರಿಸಿದರು. ಈ ಗುಡ್ಡದ ಒಳಗೂ ಒಂದು ಘಟ್ಟ ಇದೆ. ಮೇಲೆ ಮಾಣಿ ಅಣೆಕಟ್ಟಿನಲ್ಲಿ ನಿಲ್ಲಿಸಿದ ವಾರಾಹಿ ನೀರು ಸುರಂಗದಲ್ಲಿ ಇಳಿದು, ಹೊಸಂಗಡಿಯ ನೆಲದಡಿಯ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಕರೆಂಟು ಮಾಡುತ್ತದೆ. ನಾವು ಕಾಲಿನಿಂದ ಹತ್ತುತ್ತಿದ್ದ ಎತ್ತರವನ್ನು ನೀರು ನಮ್ಮ ಪಕ್ಕದಲ್ಲೇ, ಕಲ್ಲಿನೊಳಗೆ, ಇಳಿಯುತ್ತಿತ್ತು. ಅದನ್ನು ಕೇಳಿದ ಮೇಲೆ ಯಾಕೋ ಕಾಲಿಗೆ ಬಲ ಬಂತು.

ಚಂಡಿಕಾಂಬೆಯವರೆಗೆ ಹತ್ತಿದೆವು. ಮತ್ತೆ ಇಳಿದೆ, ಈ ಸಲ ಸರಿಯಾಗಿ. ರಿಮ್ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ರಾತ್ರಿ ಸಿದ್ದಾಪುರದಲ್ಲಿ ಉಳಿದೆವು. ಇದು ಕುಂದಾಪುರ ಕಡೆಯ ಸಿದ್ದಾಪುರ. ನಮ್ಮ ಜಿಲ್ಲೆಗಳ ಕಡೆ ಇನ್ನೊಂದಿದೆ, ಅದು ಘಟ್ಟದ ಮೇಲೆ.

ಐದನೇ ದಿನ: ಆಗುಂಬೆ

ಶಂಕರನಾರಾಯಣ, ಬೆಳ್ವೆ, ಹೆಬ್ರಿ. ಬೆಳಗಿನ ದಾರಿಯಲ್ಲಿ ಹೇಳುವಂಥದ್ದು ಕಡಿಮೆ, ತುಳಿದದ್ದೇ ಹೆಚ್ಚು. ಹೆಬ್ರಿಯಲ್ಲಿ ಗೋಳಿಬಜೆ, ಚಹಾ. ಸೋಮೇಶ್ವರದಿಂದ ಘಟ್ಟ.

ಆಗುಂಬೆಗೆ ಹದಿನಾಲ್ಕು ತಿರುವು. ಎಣಿಸುತ್ತಾ ಹತ್ತುವುದು ಎಲ್ಲರ ಅಭ್ಯಾಸ, ನಾವೂ ಎಣಿಸಿದೆವು. ಬೇರೆ ಘಟ್ಟಗಳಲ್ಲಿ ರಸ್ತೆ ಗುಡ್ಡವನ್ನು ಬಳಸಿ ಹೋಗುತ್ತದೆ. ಇಲ್ಲಿ ಗೋಡೆಗೆ ಏಣಿ ಹಾಕಿದ ಹಾಗೆ ಮಡಚಿ ಮಡಚಿ ಏರಿಸಿದ್ದಾರೆ. ಐದನೇ ತಿರುವಿನಲ್ಲಿ ನಿಂತರೆ ಮೂರನೆಯದು ಕಾಲಡಿಯಲ್ಲೇ ಕಾಣುತ್ತದೆ. ತಿರುವಿನ ಒಳಗಡೆ ತೀರಾ ಕಡಿದು, ಹೊರಗಡೆ ಸ್ವಲ್ಪ ವಾಸಿ. ಎದುರು ವಾಹನ ಇಲ್ಲದಾಗ ಹೊರಗಿನ ಅಂಚು ಹಿಡಿದು ಹತ್ತಿದೆವು. ಭಾರಿ ಲಾರಿಗಳಿಗೆ ಇಲ್ಲಿ ಪ್ರವೇಶ ಇಲ್ಲ, ಅದು ನಮ್ಮಂಥವರಿಗೆ ವರ. ಮಿನಿ ಬಸ್ಸುಗಳು ಬರುತ್ತವೆ. ಅವು ಹಾರ್ನ್ ಹಾಕಿದಾಗ ನಿಂತು ದಾರಿ ಬಿಡುವುದು ಒಳ್ಳೆಯದು. ಒಬ್ಬ ಡ್ರೈವರ್ ನಿಧಾನ ಮಾಡಿ, "ಹತ್ತಿ ಹತ್ತಿ, ಇನ್ನು ಆರೇ ಉಂಟು" ಅಂದ. ನಿಜಕ್ಕೂ ಆರೇ ಇತ್ತು.

ಇಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಕಡಲ ಮೇಲಿಂದ ನೀರು ಹೊತ್ತು ಬರುವ ಗಾಳಿಗೆ ಮೊದಲು ಎದುರಾಗುವುದು ಈ ಗೋಡೆ. ಗಾಳಿ ಏರಲೇಬೇಕು. ಏರಿದರೆ ತಣ್ಣಗಾಗುತ್ತದೆ, ತಣ್ಣಗಾದರೆ ಹೊತ್ತದ್ದನ್ನು ಇಳಿಸುತ್ತದೆ. ಮಳೆಗಾಲದಲ್ಲಿ ಸೈಕಲ್ ತರಬೇಡಿ. ಮಂಜಿನಲ್ಲಿ ಬಸ್ಸಿಗೆ ನೀವು ಕಾಣುವುದಿಲ್ಲ, ರಸ್ತೆಯ ಮೇಲೆ ಮಣ್ಣು ಜಾರಿರುತ್ತದೆ. ಸುರಂಗ ಮಾಡುವ ಮಾತು ಆಗಾಗ ಕೇಳಿಬರುತ್ತದೆ. ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಇಳಿಯುವವರ ಕಷ್ಟ ನೆನೆದರೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಈ ಕಾಡನ್ನು ಕೊರೆಯುವುದನ್ನು ನೆನೆದರೆ ಹೂಂ ಅನ್ನಲೂ ಆಗುವುದಿಲ್ಲ.

ಸೂರ್ಯಾಸ್ತ ನೋಡುವ ಕಟ್ಟೆ ತಲುಪಿದಾಗ ನಾಲ್ಕೂಮುಕ್ಕಾಲು. ಅಲ್ಲೇ ಕೂತೆವು. ಜನ ಸೇರುತ್ತಾ ಹೋದರು. ಆಕಾಶ ಚೊಕ್ಕ ಇದ್ದರೆ ಇಲ್ಲಿಂದ ಅರಬ್ಬಿ ಕಡಲು ಕಾಣುತ್ತದೆ. ಅವತ್ತು ದೂರದಲ್ಲಿ ಬೂದು ಮಬ್ಬು. ಸೂರ್ಯ ಕಡಲಿಗೆ ಮುಳುಗಲಿಲ್ಲ, ಮಬ್ಬಿನೊಳಗೇ ಕರಗಿದ. ನನಗೆ ಬೇಸರ ಆಗಲಿಲ್ಲ. ಮಬ್ಬಿನ ಅಡಿಯಲ್ಲಿ ಏನಿದೆ ಅಂತ ಕಾಲಿಗೆ ಗೊತ್ತಿತ್ತು. ನಮ್ಮ ಹಿಂದೆ ಬಿದ್ದ ಮಳೆ ತುಂಗೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮುಂದೆ ಬಿದ್ದದ್ದು ಸೀತಾನದಿಗೆ ಸೇರಿ ಇದೇ ಕಡಲಿಗೆ. ನಡುವೆ ನಾವು ಕೂತ ಕಟ್ಟೆ ಇರುವಷ್ಟು ಜಾಗ.

ರಾತ್ರಿ ಆಗುಂಬೆಯಲ್ಲಿ ಕಷಾಯ ಕುಡಿದು ಬೇಗ ಮಲಗಿದೆವು. ಭಾವ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ, "ಇಲ್ಲಿ ಭಾರಿ ಚಳಿ, ಆದರೆ ಚೊಲೊ ಇದ್ದು" ಅನ್ನುತ್ತಿದ್ದದ್ದು ಕೇಳಿಸಿತು.

ಆರನೇ ದಿನ: ಇಳಿದದ್ದು

ಬೆಳಿಗ್ಗೆ ಏಳಕ್ಕೆ ಇಳಿತ. ಸ್ವೆಟರ್, ಮಂಕಿ ಟೋಪಿ, ಕೈಗವಸು ಎಲ್ಲ ಹಾಕಿಕೊಂಡೆವು. ಮೇಲಿನ ತಿರುವುಗಳಲ್ಲಿ ಕಣ್ಣಲ್ಲಿ ನೀರು ಬರುವಷ್ಟು ಚಳಿ. ನಾನು ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ಹಿಂದೆ ಬಂದೆ. ಐದನೇ ತಿರುವಿನ ಹತ್ತಿರ, ಕೆಳಗಿಂದ ಎಣಿಸಿದರೆ, ಮುಖಕ್ಕೆ ಒಂದು ಬೆಚ್ಚಗಿನ ಗಾಳಿ ತಾಗಿತು. ಬಾಗಿಲು ತೆಗೆದು ಅಡುಗೆಮನೆಯೊಳಗೆ ಕಾಲಿಟ್ಟ ಹಾಗೆ. ಒಂದು ಕ್ಷಣದ ಹಿಂದೆ ಇರಲಿಲ್ಲ. ಮುಂದಿದ್ದ ಭಾವ ಅದೇ ಜಾಗದಲ್ಲಿ ಎಡಗೈ ಎತ್ತಿ ರಸ್ತೆಯ ಪಕ್ಕ ತೋರಿಸಿದರು. ಇಬ್ಬರೂ ನಿಂತೆವು. ಮಾತಾಡಲಿಲ್ಲ. ಸೈಕಲ್ ತಿರುಗಿಸಿ ಇಪ್ಪತ್ತು ಹೆಜ್ಜೆ ಮೇಲಕ್ಕೆ ನಡೆದೆವು. ಚಳಿ. ಮತ್ತೆ ಇಪ್ಪತ್ತು ಹೆಜ್ಜೆ ಕೆಳಕ್ಕೆ. ಬೆಚ್ಚಗೆ.

"ಇದೇ ಸೈ ಭಾವ" ಅಂದರು.

ನಾನೂ ಒಪ್ಪಿದೆ. ಇನ್ನೊಂದು ಗಂಟೆಯಲ್ಲಿ ಬಿಸಿಲೇರಿದರೆ ಈ ಜಾಗ ಇಲ್ಲಿರುವುದಿಲ್ಲ, ಮೇಲಕ್ಕೆ ಹೋಗಿರುತ್ತದೆ. ನಾಳೆ ಬೆಳಿಗ್ಗೆ ಎಲ್ಲಿರುತ್ತದೋ. ಆ ಹೊತ್ತಿಗೆ ಮಾತ್ರ ಅದು ಅಲ್ಲಿತ್ತು, ನಾವೂ ಅಲ್ಲಿದ್ದೆವು.

ಹೆಬ್ರಿಯ ಹೋಟೆಲಿನಲ್ಲಿ ನೀರು ದೋಸೆ ತಂದಿಟ್ಟ ಯಜಮಾನರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಭಾವ ಇನ್ನೂ ಸ್ವೆಟರ್ ಬಿಚ್ಚಿರಲಿಲ್ಲ.

"ಘಟ್ಟದ ಮೇಲಿನವರಾ?" ಅಂತ ಅವರನ್ನೇ ಕೇಳಿದರು.

ಭಾವ ಬಾಯಿ ತೆರೆದರು. ನನ್ನ ಕಡೆ ನೋಡಿದರು. ಆಮೇಲೆ ಸ್ವೆಟರಿನ ತೋಳು ಸರಿಮಾಡಿಕೊಂಡು, ಇನ್ನೆರಡು ದೋಸೆ ಹೇಳಿದರು.